ದೆಹಲಿ – 5

ಕರೋಲ್ ಬಾಗ್ ಎಂದರೆ ದೆಹಲಿಯ ಹೊರಗಿನವರಿಗೆ ನೆನಪಾಗುವುದು ಎರಡೇ. ಒಂದು ಮದುವೆಯ ಲೆಹಂಗಾ, ಇನ್ನೊಂದು ಗಫಾರ್ ಮಾರ್ಕೆಟ್ಟಿನ ಮೊಬೈಲು. ಬೆಂಗಳೂರಿನಿಂದ ಬರುವ ನೆಂಟರು, ಸ್ನೇಹಿತರು ಈ ಎರಡರಲ್ಲಿ ಒಂದನ್ನು ಹುಡುಕಿಕೊಂಡೇ ಬರುತ್ತಾರೆ. ಖರೀದಿ ಮುಗಿದ ಮೇಲೆ ಚೀಲಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು, "ಈ ಗದ್ದಲದಲ್ಲಿ ನೀನು ಹೇಗೆ ಇದ್ದೀಯ ಮಾರಾಯ್ತಿ?" ಎಂದು ಕೇಳುತ್ತಾರೆ. 2004ರಿಂದ ಇದ್ದೇನೆ. ಈಗ ಗದ್ದಲ ಇಲ್ಲದ ಕಡೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಇಲ್ಲಿ ಇಷ್ಟು ವರ್ಷ ಇದ್ದು ನನಗೆ ಗೊತ್ತಾದ ಒಂದು ಸಂಗತಿ ಏನೆಂದರೆ, ಕರೋಲ್ ಬಾಗ್‌ನಲ್ಲಿ ಮೂಲದವರು ಅಂತ ಯಾರೂ ಇಲ್ಲ. ಹೊಸ ದೆಹಲಿ ಕಟ್ಟುವಾಗ ಬ್ರಿಟಿಷರು ಕನಾಟ್ ಪ್ಲೇಸಿಗಾಗಿ ಮಾಧೋಗಂಜ್, ಜೈಸಿಂಗಪುರ, ರಾಜಾ ಕಾ ಬಜಾರ್ ಎಂಬ ಹಳ್ಳಿಗಳನ್ನು ಎಬ್ಬಿಸಿದರು. ಅಲ್ಲಿನವರನ್ನು ತಂದು ಬಿಟ್ಟದ್ದು ಇಲ್ಲಿಗೆ. ಆಗ ಇದು ಬರೀ ಕಲ್ಲು, ಕುರುಚಲು ಗಿಡಗಳ ಜಾಗ. ರೆಗರ್‌ಪುರಾ ಎಂಬ ಬೀದಿಗಳು ಚರ್ಮದ ಕೆಲಸದ ರೈಗರ್ ಜನರ ಹೆಸರಿನವು. ಆಮೇಲೆ ಹಕೀಂ ಅಜ್ಮಲ್ ಖಾನರ ತಿಬ್ಬಿಯಾ ಕಾಲೇಜು ಬಂತು. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಅಲಿಗಢದಲ್ಲಿ ಹುಟ್ಟಿದ ಜಾಮಿಯಾ ಮಿಲ್ಲಿಯಾ 1925ರಲ್ಲಿ ಇಲ್ಲಿಗೇ ಬಂದು, ಓಖ್ಲಾಕ್ಕೆ ಹೋಗುವ ತನಕ ಈ ಗಲ್ಲಿಗಳಲ್ಲೇ ಪಾಠ ಮಾಡಿತು. 1947ರಲ್ಲಿ ಇಲ್ಲಿನ ಮುಸಲ್ಮಾನ ಕುಟುಂಬಗಳು ಗಡಿ ದಾಟಿದವು. ಅವರ ಮನೆಗಳಿಗೆ ಪಶ್ಚಿಮ ಪಂಜಾಬಿನಿಂದ, ಸಿಂಧ್‌ನಿಂದ ನಿರಾಶ್ರಿತರು ಬಂದರು. ಅಜ್ಮಲ್ ಖಾನ್ ರಸ್ತೆಯ ಹೆಸರು ಮಾತ್ರ ಹಾಗೇ ಉಳಿಯಿತು. ಅದರ ಎರಡೂ ಬದಿಯಲ್ಲಿ ಪಂಜಾಬಿಗಳು ಅಂಗಡಿ ಇಟ್ಟರು.

ಹೆಸರುಗಳೂ ಇಲ್ಲಿ ವಲಸೆ ಬಂದವೇ. ಪೂಸಾ ಎಂಬುದು ಬಿಹಾರದ ಊರು. ಅಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕಟ್ಟಡ 1934ರ ಭೂಕಂಪಕ್ಕೆ ಹಾಳಾಯಿತು. 1936ರಲ್ಲಿ ಸಂಸ್ಥೆಯನ್ನು ದೆಹಲಿಗೆ ತಂದಾಗ ಊರಿನ ಹೆಸರೂ ಜೊತೆಗೆ ಬಂತು. ಹೀಗೆ ಪೂಸಾ ರಸ್ತೆ. ಗಂಗಾರಾಂ ಆಸ್ಪತ್ರೆ ಮೊದಲು ಇದ್ದದ್ದು ಲಾಹೋರಿನಲ್ಲಿ. ವಿಭಜನೆಯ ನಂತರ ಅದೇ ಹೆಸರಿನಲ್ಲಿ ಹಳೇ ರಾಜಿಂದರ್ ನಗರದಲ್ಲಿ ಎದ್ದು ನಿಂತಿತು. ಲಾಹೋರಿನದ್ದೂ ಇದೆ, ಇಲ್ಲಿನದ್ದೂ ಇದೆ. ಬೀಡನ್‌ಪುರಾದ ಚಿನ್ನದ ಕೆಲಸದವರು ಬಂಗಾಳದವರು. ಅವರ ದುರ್ಗಾಪೂಜೆ ಇಲ್ಲಿ ಜೋರು. ದಕ್ಷಿಣದಿಂದ ಮೊದಲು ಬಂದವರು ಸರ್ಕಾರಿ ಕೆಲಸದ ತಮಿಳರು. ಪೂಸಾ ರಸ್ತೆಯಲ್ಲಿ ಅವರ ಶಿಕ್ಷಣ ಸಂಘದ ಶಾಲೆಯೇ ಇದೆ. ಅವರ ಪುಣ್ಯದಿಂದ ನಮಗೆ ಇಲ್ಲಿ ಕರಿಬೇವು, ಕಾಫಿಪುಡಿ, ಇಡ್ಲಿ ಅಕ್ಕಿಗೆ ಬರ ಬರಲಿಲ್ಲ. ಕನ್ನಡಿಗರ ಶಾಲೆ ಇರುವುದು ದೂರದ ಲೋಧಿ ಎಸ್ಟೇಟಿನಲ್ಲಿ, ಸಂಘ ಇರುವುದು ಇನ್ನೂ ದೂರದ ಆರ್.ಕೆ. ಪುರಂನಲ್ಲಿ. ರಾಜ್ಯೋತ್ಸವಕ್ಕೆ ಹೋಗಿ ಬಂದರೆ ಒಂದು ಭಾನುವಾರ ಮುಗಿಯುತ್ತದೆ.

ನಾನು ಪುತ್ತೂರಿನ ಕಡೆಯವಳು. ಮನೆಮಾತು ತುಳು, ಶಾಲೆಯ ಮಾತು ಕನ್ನಡ. ಐಎಎಸ್ ಬರೆಯುತ್ತೇನೆಂದು ಮಂಗಳೂರಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಕಳೆದು ನಿಜಾಮುದ್ದೀನಿನಲ್ಲಿ ಇಳಿದೆ. ರಾಜಿಂದರ್ ನಗರದ ಒಂದು ಮನೆಯಲ್ಲಿ ಪ್ಲೈವುಡ್ಡಿನ ಗೋಡೆ ಹಾಕಿ ಒಂದು ಕೋಣೆಯನ್ನು ಮೂರು ಮಾಡಿದ್ದರು. ಅದರಲ್ಲಿ ನಡುವಿನದ್ದು ನನ್ನದು. ಕಿಟಕಿ ಆಚೆಯವಳ ಪಾಲಿಗೆ ಹೋಗಿತ್ತು. ಓದುವುದಕ್ಕೆ ನೆಲಮಾಳಿಗೆಯ ಲೈಬ್ರರಿ. ಲೈಬ್ರರಿ ಎಂದರೆ ಪುಸ್ತಕ ಇರುವ ಜಾಗವಲ್ಲ. ತಿಂಗಳಿಗಿಷ್ಟು ಎಂದು ಕುರ್ಚಿ ಬಾಡಿಗೆಗೆ ಕೊಡುವ ಜಾಗ. ಮೆಟ್ರೋ ಆಗ ಕಟ್ಟುತ್ತಿದ್ದರು. 2005ರ ಕೊನೆಯ ದಿನ ರೈಲು ಓಡುವ ತನಕ ನಾವು ಸಿಮೆಂಟಿನ ಧೂಳಿನಲ್ಲೇ ಓದಿದೆವು.

ನನ್ನ ಎರಡು ಐಚ್ಛಿಕ ವಿಷಯಗಳಲ್ಲಿ ಕನ್ನಡ ಸಾಹಿತ್ಯವೂ ಒಂದು. ನಮ್ಮ ಓಣಿಯ ಆಸುಪಾಸಿನಲ್ಲಿ ಅದನ್ನು ತೆಗೆದುಕೊಂಡವರು ಏಳು ಮಂದಿ ಇದ್ದೆವು. ಪಂಪನ ವಿಕ್ರಮಾರ್ಜುನ ವಿಜಯದಿಂದ ದೇವನೂರರ ಒಡಲಾಳದ ತನಕ ಸಿಲೆಬಸ್ಸು. ಊರಿಂದ ತಂದ ಪುಸ್ತಕಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಕಾರ್ನಾಡರ ತುಘಲಕ್ ಕೂಡ ಅದರಲ್ಲಿತ್ತು. ದೆಹಲಿಯ ಜನರನ್ನೆಲ್ಲ ದೌಲತಾಬಾದಿಗೆ ಹೊರಡಿಸಿದ ಸುಲ್ತಾನನ ನಾಟಕ. ಅದನ್ನು ನಾವು ಓದುತ್ತಿದ್ದ ಜಾಗದಿಂದ ಸ್ವಲ್ಪ ಮೇಲಕ್ಕೆ, ರಿಡ್ಜ್ ಕಾಡಿನ ಅಂಚಿನಲ್ಲಿ, ಅವನ ನಂತರ ಪಟ್ಟಕ್ಕೆ ಬಂದ ಫಿರೋಜ್ ಷಾ ತುಘಲಕನ ಬೇಟೆಮನೆ ಇದೆ. ಭೂಲಿ ಭಟಿಯಾರಿ ಕಾ ಮಹಲ್ ಅಂತ ಹೆಸರು. ಅಲ್ಲಿ ದೆವ್ವ ಇದೆ ಎಂಬ ಪ್ರತೀತಿ. ಸೂರ್ಯ ಮುಳುಗಿದ ಮೇಲೆ ಜನ ಆ ಕಡೆ ಸುಳಿಯುವುದಿಲ್ಲ. ಒಂದು ಭಾನುವಾರ ಏಳೂ ಜನ ಹೋಗಿ ನೋಡಿದೆವು. ಕಲ್ಲಿನ ಬಾಗಿಲು, ಒಳಗೊಂದು ಅಂಗಳ, ಕೋತಿಗಳು. ಭೂತಾರಾಧನೆಯ ಊರಿನವಳಾದ ನನಗೆ ಅಲ್ಲಿ ಭಯ ಆಗಲಿಲ್ಲ. ನಮ್ಮಲ್ಲಾದರೆ ಇಂಥ ಭೂತಕ್ಕೆ ವರ್ಷಕ್ಕೊಂದು ತಂಬಿಲ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಇಲ್ಲಿ ಬೀಗ ಹಾಕುತ್ತಾರೆ ಅನ್ನಿಸಿತು.

ಬೆಟ್ಟದ ಜೀವದ ಪ್ರತಿ ಏಳು ಜನಕ್ಕೆ ಒಂದೇ ಇತ್ತು, ಅದು ನನ್ನದು. ಅದನ್ನು ಎಲ್ಲರಿಗಿಂತ ತಡವಾಗಿ ಹಿಂದಿರುಗಿಸಿದವನು ಲಿಂಗಸುಗೂರು ತಾಲ್ಲೂಕಿನವನು, ಮುದಗಲ್ಲಿನ ಹತ್ತಿರದ ಹಳ್ಳಿಯವನು. ಸಮಾಜ ಕಲ್ಯಾಣ ಇಲಾಖೆಯ ನೆರವಿನಲ್ಲಿ ಕೋಚಿಂಗಿಗೆ ಬಂದಿದ್ದ. ಪುಸ್ತಕ ಕೊಡುತ್ತ, "ಇಷ್ಟು ಮಳಿ ಖರೇನ ಬರ್ತದೇನ್ರೀ ನಿಮ್ಮ ಕಡೆ?" ಎಂದು ಕೇಳಿದ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಯವನಿಗೆ ಕಾರಂತರು ಕಟ್ಟುಕಥೆ ಹೇಳುತ್ತಿದ್ದಾರೆ ಅನ್ನಿಸಿತ್ತು. ನಮ್ಮ ಕಡೆ ಅದರ ಆರೇಳು ಪಟ್ಟು ಎಂದರೆ ಅವನು ನಂಬಲಿಲ್ಲ. ನಂಬಿಸುವುದಕ್ಕೆ ನನಗೆ ಸುಮಾರು ದಿನ ಬೇಕಾಯಿತು. ಆ ದಿನಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಜ್ಮಲ್ ಖಾನ್ ರಸ್ತೆಯಲ್ಲಿ ಒಂದು ಕುಲ್ಫಿಯನ್ನು ಇಬ್ಬರು ಹಂಚಿಕೊಂಡು ತಿಂದರೆ ದುಡ್ಡು ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ನಮಗಿಬ್ಬರಿಗೂ ಚೆನ್ನಾಗಿ ಗೊತ್ತು, ಅಷ್ಟು ಸಾಕು.

ಗೋಪಾಲಯ್ಯನ ಪಾತ್ರದ ಬಗ್ಗೆ ನಾವೆಲ್ಲ ಉತ್ತರ ಬರೆದು ಒಬ್ಬರದ್ದನ್ನೊಬ್ಬರು ತಿದ್ದುತ್ತಿದ್ದೆವು. ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಆ ಮುದುಕ, ಅವರ ಹೆಂಡತಿ ಶಂಕರಮ್ಮ. ಏಳು ಉತ್ತರಗಳಲ್ಲೂ ಮುದುಕರ ಬಗ್ಗೆ ಕರುಣೆ ತುಂಬಿ ತುಳುಕುತ್ತಿತ್ತು. ಹೋದವನ ಪರವಾಗಿ ಒಂದು ಸಾಲನ್ನೂ ಯಾರೂ ಬರೆದಿರಲಿಲ್ಲ. ಬರೆದ ಏಳೂ ಮಂದಿ ಮನೆ ಬಿಟ್ಟು ಬಂದವರೇ.

ಪರೀಕ್ಷೆ ಇಬ್ಬರಿಗೂ ಒಲಿಯಲಿಲ್ಲ. ಅವನು ಎಸ್‌ಎಸ್‌ಸಿ ಬರೆದು ಕೇಂದ್ರ ಸರ್ಕಾರದ ಒಂದು ಕಚೇರಿ ಸೇರಿದ. ನಾನು ಅನುವಾದದ ಕೆಲಸ ಹಿಡಿದೆ. 2008ರಲ್ಲಿ ಮದುವೆಗೆ ಅರ್ಜಿ ಹಾಕಿದೆವು. ಜಾತಿ ಬೇರೆ, ನಮ್ಮ ಮನೆಯವರ ಲೆಕ್ಕದಲ್ಲಿ ಬಹಳ ಬೇರೆ. ಪುರೋಹಿತರು ಸಿಗುವ ಮದುವೆ ಅದಲ್ಲವೆಂದು ಗೊತ್ತಿದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದೆವು. ಆ ಕಾಯ್ದೆಯಂತೆ ಮದುವೆಯಾಗುವವರ ಹೆಸರು ವಿಳಾಸಗಳನ್ನು 30 ದಿನ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು, ಆಕ್ಷೇಪಣೆ ಇದ್ದವರು ಹೇಳಬಹುದು. ನಮ್ಮ ಅರ್ಜಿ ತೆಗೆದುಕೊಂಡ ಕಚೇರಿ ಬೋರ್ಡಿಗೆ ಹಾಕಿದ್ದಲ್ಲದೆ ಒಂದು ಪ್ರತಿಯನ್ನು ಅಂಚೆಯಲ್ಲಿ ಊರಿಗೂ ಕಳಿಸಿತು. ನಾನು ಅಪ್ಪನಿಗೆ ಹೇಗೆ ಹೇಳುವುದೆಂದು ತಿಂಗಳುಗಟ್ಟಲೆ ಮಾತು ಜೋಡಿಸುತ್ತಿದ್ದೆ. ಅದಕ್ಕಿಂತ ಮೊದಲೇ ಪೋಸ್ಟ್‌ಮ್ಯಾನ್ ಇಂಗ್ಲಿಷಿನ ಒಂದು ಹಾಳೆಯನ್ನು ಅಡಿಕೆ ಅಂಗಳಕ್ಕೆ ತಂದು ಕೊಟ್ಟ. ಅಪ್ಪ ಅದನ್ನು ಓದಿಸಿದ್ದು ಪಕ್ಕದ ಮನೆಯ ಮೇಷ್ಟ್ರ ಹತ್ತಿರ. ಹೀಗೆ ಮನೆಗೆ ನೋಟಿಸ್ ಕಳಿಸುವುದು ಕಾಯ್ದೆಯಲ್ಲಿ ಇಲ್ಲ, ಕಳಿಸಬಾರದು ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2009ರಲ್ಲಿ. ನಮಗೆ ಒಂದು ವರ್ಷ ತಡ.

ಅಪ್ಪ ಬೈಯಲಿಲ್ಲ, ಬರಲಿಲ್ಲ, ಆಕ್ಷೇಪಣೆಯನ್ನೂ ಕೊಡಲಿಲ್ಲ. ಮಾತು ಬಿಟ್ಟರು. ಅಮ್ಮ ಮಾತ್ರ ಮಧ್ಯಾಹ್ನ ಅಪ್ಪ ತೋಟಕ್ಕೆ ಹೋದ ಹೊತ್ತು ನೋಡಿ ಫೋನ್ ಮಾಡುತ್ತಿದ್ದರು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಮನೆ ಹುಡುಕಿದ ಕಥೆಯನ್ನು ಓದುಗರಲ್ಲಿ ಬಹಳ ಜನ ಅನುಭವಿಸಿಯೇ ಇರುತ್ತೀರಿ. ಎಷ್ಟೋ ಕಡೆ ಗಂಡನ ಅಡ್ಡಹೆಸರು ಕೇಳಿ, ಅದರಿಂದ ಏನೂ ತಿಳಿಯದೆ, "ಅಂದರೆ ನೀವು ಯಾರು?" ಎಂದು ಮತ್ತೆ ಕೇಳಿದರು. ಕೊನೆಗೆ ಸಿಕ್ಕಿದ್ದು ಪಶ್ಚಿಮ ವಿಸ್ತರಣೆಯಲ್ಲಿ, ಡಬ್ಲ್ಯೂ.ಇ.ಎ. ಅನ್ನುತ್ತಾರಲ್ಲ ಅಲ್ಲಿ, ಮೂರನೇ ಮಹಡಿಯ ಎರಡು ಕೋಣೆ ಮತ್ತು ಅದರ ಮುಂದಿನ ಬಿಸಿಲುಮಾಳಿಗೆ. ಮನೆಯ ಒಡತಿಯನ್ನು ಗಲ್ಲಿಯವರೆಲ್ಲ ಬೀಜಿ ಅನ್ನುತ್ತಾರೆ. ಆರು ವರ್ಷದ ಹುಡುಗಿಯಾಗಿ ಲಾಯಲ್‌ಪುರದಿಂದ ಬಂದವರು. ಅವರು ಕೇಳಿದ್ದು ಎರಡೇ ಪ್ರಶ್ನೆ: ಬಾಡಿಗೆ ಏಳನೇ ತಾರೀಕಿನೊಳಗೆ ಬರುತ್ತದೆಯೇ, ರಾತ್ರಿ ಮೋಟಾರ್ ಹಾಕುವುದು ಮರೆಯುವುದಿಲ್ಲವಷ್ಟೇ. ಹಾಗೆಂದು ಅವರೇನು ಸಂತರಲ್ಲ. ನೀರಿನ ವಿಷಯಕ್ಕೆ ಎದುರುಮನೆಯವರ ಜೊತೆ ಅವರು ಆಡುವ ಜಗಳ ಕೇಳಲು ಜನ ಬಾಲ್ಕನಿಗೆ ಬರುತ್ತಾರೆ. ಬಿಟ್ಟು ಬಂದ ಊರಿನ ಬಗ್ಗೆ ಕೇಳಿದರೆ ಅವರಿಗೆ ರೇಗುತ್ತದೆ. "ಲಾಯಲ್‌ಪುರದಲ್ಲಿ ನಮ್ಮದು ಹವೇಲಿ ಇತ್ತು ಅಂತ ಈ ಗಲ್ಲಿಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರದ್ದೂ ಹವೇಲಿಯಾದರೆ ಅಲ್ಲಿ ಬಡವರು ಎಲ್ಲಿದ್ದರು? ನಮ್ಮದು ಒಂದು ಕೋಣೆ, ಒಂದು ಎಮ್ಮೆ," ಅನ್ನುತ್ತಾರೆ.

ಆ ಬಿಸಿಲುಮಾಳಿಗೆಯಲ್ಲಿ ಖಾಲಿ ಪೇಂಟ್ ಡಬ್ಬದಲ್ಲಿ ತುಳಸಿ ನೆಟ್ಟೆ. ದೆಹಲಿಯ ಜನವರಿಗೆ ತುಳಸಿ ಕರಕಲಾಗುತ್ತದೆ, ಪ್ರತಿ ವರ್ಷ ಹೊಸದು ತರಬೇಕು. ನನ್ನ ದೇವರುಗಳಿಗೆಲ್ಲ ಜಾಗ ಬೇಕು: ನಾಗನಿಗೆ ಬನ, ಭೂತಕ್ಕೆ ಸ್ಥಾನ. ಮೂರನೇ ಮಹಡಿಯಲ್ಲಿ, ಅದೂ ಬಾಡಿಗೆಗೆ, ಅವರನ್ನು ಕೂರಿಸುವುದು ಹೇಗೆ? ಗಂಡನ ಮನೆಯಲ್ಲಿ ಗೋಡೆಗೆ ಅಂಬೇಡ್ಕರ್. ಅವನ ತಾಯಿಗೆ ವರ್ಷದ ದೊಡ್ಡ ಹಬ್ಬವೆಂದರೆ ಮುದಗಲ್ಲಿನ ಮೊಹರಂ. ಅಲಾಯಿ ದೇವರಿಗೆ ಹರಕೆ ಹೊತ್ತೇ ಮಗನನ್ನು ಪಡೆದೆ ಎಂದು ನಂಬಿದ್ದವರು. ಅವರು ಇಲ್ಲಿಗೆ ಬಂದಾಗ ಕರೋಲ್ ಬಾಗಿನ ರವಿದಾಸ ಮಂದಿರಕ್ಕೆ ಕರೆದುಕೊಂಡು ಹೋದೆವು. ಕೈ ಮುಗಿದು, "ಈತ ನಮ್ಮ ಪೈಕಿ ಆತ" ಎಂದರು. ಮೆಟ್ರೋ ಹಳಿಯ ಪಕ್ಕದ 108 ಅಡಿಯ ಹನುಮಂತನನ್ನು ಕಂಡಾಗ ಮಾತ್ರ, "ಇಷ್ಟು ದೊಡ್ಡಾಂವ ಆದ್ರ ಸಣ್ಣವರ ಮಾತು ಕೇಳಿಸ್ತದೇನು?" ಎಂದು ಅನುಮಾನಪಟ್ಟರು. ನಾನು ದಿನಾ ಆ ಹನುಮಂತನ ಮುಂದೆಯೇ ರೈಲಿನಲ್ಲಿ ಹೋಗುತ್ತೇನೆ. ಕೈ ಮುಗಿಯುವುದಿಲ್ಲ, ಆದರೆ ಕಾಣಿಸದೆ ರೈಲು ಮುಂದೆ ಹೋದರೆ ಏನೋ ಬಿಟ್ಟ ಹಾಗೆ ಆಗುತ್ತದೆ. ಇದನ್ನು ಭಕ್ತಿ ಅನ್ನಬಹುದೋ ಏನೋ.

2022ರ ನವೆಂಬರಿನಲ್ಲಿ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದರು. ಊರಿನಿಂದ ಕಾಶಿಯಾತ್ರೆಗೆ ನಲವತ್ತು ಜನ ಹೊರಟಿದ್ದಾರೆ, ಅಪ್ಪನೂ ತಾನೂ ಇದ್ದೇವೆ, ಕೊನೆಗೆ ದೆಹಲಿಯಲ್ಲಿ ಮೂರು ದಿನ. ಎಲ್ಲಿ ಉಳಿಯುತ್ತೀರಿ ಎಂದರೆ ಚೀಟಿ ನೋಡಿ ಒಂದೊಂದೇ ಅಕ್ಷರ ಓದಿದರು: ಕ-ರೋಲ್-ಬಾಗ್.

ಟೂರಿನವರು ಯಾತ್ರಿಗಳನ್ನು ಕರೋಲ್ ಬಾಗಿನಲ್ಲಿ ಇಳಿಸುವುದು ಹೊಸದೇನಲ್ಲ. ಇಲ್ಲಿನ ಗಲ್ಲಿಗಳಲ್ಲಿ ಕಡಿಮೆ ದುಡ್ಡಿನ ಹೋಟೆಲುಗಳು ಒಂದರ ಪಕ್ಕ ಒಂದು. ಚಳಿಗಾಲ ಬಂತೆಂದರೆ ಮಂಕಿ ಟೋಪಿ ಹಾಕಿದ ಕನ್ನಡಿಗರು, ತೆಲುಗರು, ಮರಾಠಿಗರು ಬೆಳಿಗ್ಗೆ ಐದಕ್ಕೇ ಬೀದಿಯಲ್ಲಿ ನಿಂತು ಬಸ್ಸಿಗೆ ಕಾಯುತ್ತಿರುತ್ತಾರೆ. ಅಡಿಗೆಯವರೂ ಜೊತೆಗೇ ಬರುತ್ತಾರೆ. ಹೋಟೆಲಿನ ತಾರಸಿಯಲ್ಲಿ ಒಲೆ ಹೂಡಿ ಸಾರಿಗೆ ಒಗ್ಗರಣೆ ಕೊಟ್ಟರೆ ಪರಾಠದ ಗಲ್ಲಿಯೆಲ್ಲ ಇಂಗಿನ ಘಮ. ಎಷ್ಟೋ ಸಲ ಆ ವಾಸನೆ ಹಿಡಿದು ಹೋಗಿ ಅಪರಿಚಿತರನ್ನು "ಯಾವ ಊರು?" ಎಂದು ಮಾತಾಡಿಸಿದ್ದೇನೆ. ಈ ಸಲ ನನ್ನ ಮನೆಯಿಂದ ಐದು ನಿಮಿಷದ ದಾರಿಯ ಹೋಟೆಲಿನಲ್ಲಿ ಅಪ್ಪ ಇದ್ದರು.

ಮೊದಲ ದಿನ ಅಮ್ಮ ಒಬ್ಬರೇ ಬಂದರು. ಮೊಣಕಾಲು ನೋವು ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ಮೊಮ್ಮಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅಪ್ಪ ಕೆಂಪುಕೋಟೆ ನೋಡಲು ಬಸ್ಸಿನಲ್ಲಿ ಹೋಗಿದ್ದರು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರಬೇಕಲ್ಲ, ಅಪ್ಪ ಏನು ಬಿಟ್ಟರು ಎಂದು ಕೇಳಿದೆ. "ಹಾಗಲಕಾಯಿ," ಎಂದರು ಅಮ್ಮ. "ಅದನ್ನು ಅವರು ಹುಟ್ಟಿದಂದಿನಿಂದ ತಿಂದವರಲ್ಲ. ಸಿಟ್ಟು ಬಿಡಿ ಅಂದೆ. ಅದು ತರಕಾರಿಯಾ ಅಂತ ಕೇಳಿದರು."

ಎರಡನೇ ದಿನ ಅಪ್ಪನನ್ನು ಹೊರಡಿಸಿದ್ದು ಅಮ್ಮನ ಕರಿಮಣಿ. ಪ್ರಯಾಗದ ದೋಣಿಯಲ್ಲಿ ಅದರ ಕೊಂಡಿ ಕಿತ್ತು, ಅಲ್ಲಿಂದ ಇಲ್ಲಿಯ ತನಕ ನೂಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಚಿನ್ನದ ಕೆಲಸ ಎಲ್ಲಿ ಮಾಡಿಸಬಹುದೆಂದು ಅಪ್ಪ ಹೋಟೆಲಿನವನನ್ನು ಕೇಳಿದರಂತೆ. ಅವನು ಬೀಡನ್‌ಪುರಾ ಎಂದನಂತೆ. ಭಾಷೆ ಬಾರದ ಊರಿನ ಗಲ್ಲಿಯಲ್ಲಿ ಹೆಂಡತಿಯ ಕರಿಮಣಿ ಹಿಡಿದು ಒಬ್ಬರೇ ಹೋಗುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಅಮ್ಮ ನನಗೆ ಫೋನ್ ಮಾಡಿದರು. ಮಗಳಿಗೆ ಪರೀಕ್ಷೆ, ನನಗೆ ಮುಗಿಸಲೇಬೇಕಾದ ಅನುವಾದ. ಗಂಡ ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದ. ಮೊದಲ ಸಲ ಅವರಿಬ್ಬರೂ ಭೇಟಿಯಾದದ್ದು ಹೋಟೆಲಿನ ರಿಸೆಪ್ಷನ್ನಿನಲ್ಲಿ, ನಾನಿಲ್ಲದಾಗ.

ಮುಂದಿನದು ನಾನು ಅವನ ಬಾಯಿಂದ ಕೇಳಿದ್ದು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ, ರಸ್ತೆ ದಾಟುವಾಗ ಮಾತ್ರ ಇವನ ತೋಳು ಹಿಡಿದರು. ಬೀಡನ್‌ಪುರಾದ ಕೋಣೆಗಳು ನೋಡಿದವರಿಗೆ ಗೊತ್ತು: ಮಂಚದಷ್ಟು ಜಾಗದಲ್ಲಿ ನಾಲ್ಕು ಜನ ಕಾಲು ಮಡಚಿ ಕೂತು ಬೆಂಕಿಯ ಮೊನೆಯಲ್ಲಿ ಕೆಲಸ ಮಾಡುತ್ತಿರುತ್ತಾರೆ. ಬಂಗಾಳಿ ಹುಡುಗನೊಬ್ಬ ಕೊಂಡಿಗೆ ಬೆಸುಗೆ ಹಾಕತೊಡಗಿದ. ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತ, "ಚಿನ್ನ ಕಡಿಮೆ ಮಾಡಿಯಾನಾ?" ಎಂದು ಕನ್ನಡದಲ್ಲಿ ಕೇಳಿದರು. ಉತ್ತರ ಪಕ್ಕದ ಕೋಣೆಯಿಂದ ಬಂತು: "ಇಲ್ರೀ ಅಜ್ಜಾರ, ಹುಡುಗ ಚೊಲೋ ಅದಾನ."

ಚಿನ್ನ ಕರಗಿಸಿ ಶುದ್ಧ ಮಾಡುವ ಕೆಲಸದ ಮನುಷ್ಯ. ಈ ಗಲಾಯಿ ಕೆಲಸದವರು ಸಾಂಗ್ಲಿ ಜಿಲ್ಲೆಯಿಂದ ದೇಶದ ಚಿನ್ನದ ಪೇಟೆಗಳಿಗೆಲ್ಲ ಹೋಗಿ ನೆಲೆಸಿದ್ದಾರೆ. ಇವರು ಅದೇ ಜಿಲ್ಲೆಯ ಜತ್ತ ತಾಲ್ಲೂಕಿನವರು. ಅಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ ಇದೆ. ಮಹಾರಾಷ್ಟ್ರದ ರೇಷನ್ ಕಾರ್ಡು, ಮಾತು ಬಿಜಾಪುರದ ಕಡೆಯದ್ದು. ಅಪ್ಪನಿಗೆ ಅವರ ಮಾತು ಅರ್ಧ ತಿಳಿಯಿತು, ಅವರಿಗೆ ಅಪ್ಪನದ್ದು ಅರ್ಧ. ನನ್ನ ಗಂಡ ಇಬ್ಬರ ನಡುವೆ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತ ನಿಂತ. ಚಹಾ ತರಿಸಿದರು. ಚಹಾ ಕುಡಿಯುತ್ತ ಆ ಮನುಷ್ಯ ಇವನನ್ನು ತೋರಿಸಿ, "ಇವ್ರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಅಪ್ಪ ಲೋಟ ಕೆಳಗಿಟ್ಟು, "ನನ್ನ ಮಗಳ ಯಜಮಾನರು," ಎಂದರು.

ಅವನು ಮನೆಗೆ ಬಂದು ಇದನ್ನು ಹೇಳಿದಾಗ ನಾನು ಮೂರು ಸಲ ಕೇಳಿದೆ. ಅಳಿಯ ಅಂದರೋ, ಯಜಮಾನರು ಅಂದರೋ? ಸರಿಯಾಗಿ ನೆನಪು ಮಾಡಿಕೊ. "ಯಜಮಾನ್ರು ಅಂದ್ರು. ಯಾಕ, ಎರಡೂ ಒಂದಲ್ಲೇನು?" ಎಂದ. ಒಂದಲ್ಲ. ನಮ್ಮದು ಅಳಿಯಸಂತಾನದ ಸೀಮೆ, ಅಲ್ಲಿ ಅಳಿಯ ಅನ್ನುವ ಶಬ್ದ ಆಸ್ತಿಯ ಕಾಗದದಲ್ಲಿ ಬರುವಂಥದ್ದು. ಆ ಶಬ್ದವನ್ನು ಅಪ್ಪ ಕೊಡಲಿಲ್ಲ. ಹಾಗೆಂದು "ಇವರು ದಾರಿ ತೋರಿಸಲು ಬಂದವರು" ಎಂದೂ ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಯಜಮಾನರು ಎಂದು ಬಹುವಚನ ಹಾಕಿದರು. ನಾನು ಅದನ್ನು ಆ ರಾತ್ರಿ ತೂಗಿ ನೋಡಿದ್ದು ಬೀಡನ್‌ಪುರಾದ ತಕ್ಕಡಿಗಿಂತ ಸೂಕ್ಷ್ಮವಾಗಿ. ಅವನು ಆರಾಮಾಗಿ ಮಲಗಿದ.

ಮೂರನೇ ದಿನ ಅಪ್ಪ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಬಿಸಿಲುಮಾಳಿಗೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸುತ್ತ ಕಾಣುವ ನೀರಿನ ಟ್ಯಾಂಕುಗಳು, ಕರೆಂಟಿನ ತಂತಿಗಳ ಗಂಟು, ಹೊಗೆಯ ಆಕಾಶ ನೋಡಿ, "ಈ ಜಾಗಕ್ಕೆ ಯಾವುದು ಆಧಾರ?" ಎಂದು ಕೇಳಿದರು. ಯಾವ ದೈವ ಕಾಯುವುದು ಎಂದು ಅರ್ಥ. ನನಗೆ ಉತ್ತರ ತೋಚಲಿಲ್ಲ. ಗಂಡ, "ಹನುಮಪ್ಪ ಅದಾನ್ರಿ, 108 ಫೂಟು," ಎಂದ. ಮಗಳು ನೀರು ತಂದಳು. ಅವಳ ಕನ್ನಡ ಅರ್ಧ ಪುತ್ತೂರು, ಅರ್ಧ ಲಿಂಗಸುಗೂರು. ಯಾವುದು ಎಲ್ಲಿ ಮುಗಿಯುತ್ತದೆಂದು ಅವಳಿಗೆ ಗೊತ್ತಿಲ್ಲ. "ಎಂತ ಮಾಡಾಕತ್ತೀರಿ ಅಜ್ಜಾ?" ಎಂದಳು. ಅಪ್ಪನಿಗೆ ನೀರು ನೆತ್ತಿಗೇರಿತು. ಕೆಮ್ಮಿನ ನಡುವೆ ನಕ್ಕದ್ದು ಹೌದೋ ಅಲ್ಲವೋ ಎಂದು ನಾನೂ ಅಮ್ಮನೂ ಈಗಲೂ ವಾದ ಮಾಡುತ್ತೇವೆ.

ಊಟಕ್ಕೆ ಏಳಿ ಎಂದೆ. ಟೂರಿನವರಿಗೆ ಊಟಕ್ಕೂ ಸೇರಿಸಿ ದುಡ್ಡು ಕೊಟ್ಟಾಗಿದೆ, ಅಲ್ಲಿ ಎಲೆ ಹಾಕಿರುತ್ತಾರೆ ಎಂದು ಎದ್ದರು. ಅತ್ತೆ ಊರಿಂದ ಕಳಿಸಿದ್ದ ಶೇಂಗಾ ಹಿಂಡಿಯ ಡಬ್ಬವನ್ನು ಅಮ್ಮ ಚೀಲಕ್ಕೆ ಹಾಕಿಕೊಂಡರು. ಅಪ್ಪ ನೋಡಿದರು, ಏನೂ ಹೇಳಲಿಲ್ಲ. ಕಾಶಿಯಿಂದ ತಂದ ಗಂಗೆಯ ತಂಬಿಗೆಗಳಲ್ಲಿ ಒಂದನ್ನು ತುಳಸಿಯ ಡಬ್ಬದ ಪಕ್ಕ ಇಟ್ಟು ಇಳಿದು ಹೋದರು. ಬೀಜಿ ಕೆಳಗೆ ಬಾಗಿಲಲ್ಲೇ ಕೂತಿದ್ದವರು ಪಂಜಾಬಿಯಲ್ಲಿ ಏನೋ ಕೇಳಿದರು, ಅಪ್ಪ ತುಳುವಿನಲ್ಲಿ ಏನೋ ಹೇಳಿದರು. ಇಬ್ಬರೂ ತಲೆಯಾಡಿಸಿದರು. ವಾರ ಕಳೆದ ಮೇಲೆ ಅಮ್ಮ ಫೋನಿನಲ್ಲಿ, ಹಿಂಡಿ ಊರು ಮುಟ್ಟುವ ಮೊದಲೇ ಮುಗಿಯಿತು, ತನಗೆ ಸಿಕ್ಕಿದ್ದು ಎರಡು ಚಮಚ ಮಾತ್ರ ಎಂದರು.

ಆಮೇಲೆ ಮತ್ತೆ ಮಾತಿಲ್ಲ. ನಾನು ನಿರೀಕ್ಷೆ ಇಟ್ಟುಕೊಂಡಿದ್ದೆನೆಂದು ಗೊತ್ತಾದದ್ದೇ ಅದು ಆಗದೆ ಇದ್ದಾಗ. ಅಮ್ಮನ ಮಧ್ಯಾಹ್ನದ ಫೋನು ಮಾತ್ರ ಸಂಜೆಗೂ ಬರತೊಡಗಿತು, ಅಂದರೆ ಅಪ್ಪ ಮನೆಯಲ್ಲಿದ್ದಾಗಲೂ.

2024ರ ಜುಲೈ 27, ಶನಿವಾರ. ಸಂಜೆ ಜೋರು ಮಳೆ. ಹಳೇ ರಾಜಿಂದರ್ ನಗರದಲ್ಲಿ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಯ ಲೈಬ್ರರಿಗೆ ರಸ್ತೆಯ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಒಬ್ಬರು ಉತ್ತರ ಪ್ರದೇಶದವರು, ಒಬ್ಬರು ತೆಲಂಗಾಣ, ಒಬ್ಬರು ಕೇರಳ. ನಾನು ಕುರ್ಚಿ ಬಾಡಿಗೆಗೆ ಹಿಡಿದಿದ್ದ ನೆಲಮಾಳಿಗೆ ಬೇರೆ ಕಟ್ಟಡದ್ದು, ಆದರೆ ಅದಕ್ಕೂ ಇದ್ದದ್ದು ಒಂದೇ ಮೆಟ್ಟಿಲು. ಮಳೆ ಬಂದಾಗ ಮೆಟ್ಟಿಲ ಮೇಲೆ ನೀರು ಹರಿದು ಬರುವುದನ್ನು ನೋಡಿ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು ಓದುತ್ತಿದ್ದೆವು. ಅದರಲ್ಲಿ ಅಪಾಯ ಇದೆ ಎಂದು ಏಳು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ಪ್ರಿಲಿಮ್ಸ್ ಹತ್ತಿರ ಬಂದಿತ್ತು ಅಷ್ಟೇ. ಮರುದಿನ ಬೆಳಿಗ್ಗೆ ಹುಡುಗ ಹುಡುಗಿಯರು ಮೆಟ್ರೋ ಸ್ಟೇಷನ್ನಿನ ಕೆಳಗಿನ ರಸ್ತೆಯಲ್ಲಿ ಧರಣಿ ಕೂತರು. ಮುಂದೆ ಎಷ್ಟೋ ನೆಲಮಾಳಿಗೆಗಳಿಗೆ ಸೀಲು ಬಿತ್ತು. ಕೋಣೆಯ ಬಾಡಿಗೆ ಇಳಿಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಊರಿಂದ ಫೋನ್ ಬಂತು. ಅಮ್ಮನೆಂದು ಎತ್ತಿದೆ. ಅಪ್ಪ. ಟಿವಿಯಲ್ಲಿ ರಾಜಿಂದರ್ ನಗರ ತೋರಿಸುತ್ತಿದ್ದಾರೆ, ಅದು ನಿನ್ನ ಮನೆಯ ಹತ್ತಿರವಾ ಎಂದು ಕೇಳಿದರು. ಹತ್ತಿರವೇ, ಆದರೆ ನಾವು ಮೂರನೇ ಮಹಡಿ ಅಪ್ಪಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಆಗ ಓದುತ್ತಿದ್ದದ್ದು ನೆಲದ ಕೆಳಗಾ?" ಎಂದರು. ಹೌದು ಎಂದೆ. "ನಮಗೆ ಹೇಳಲೇ ಇಲ್ಲ ಅಲ್ಲವಾ," ಎಂದರು. ಆಮೇಲೆ ಮೊಮ್ಮಗಳ ಶಾಲೆಗೆ ಮಳೆಯಲ್ಲಿ ಯಾರು ಕರೆದುಕೊಂಡು ಹೋಗುವುದು, ಅಡಿಕೆಗೆ ಕೊಳೆರೋಗ ಬಂದಿದೆ, ಎರಡನೇ ಸಲ ಮದ್ದು ಬಿಡಲು ಮಳೆ ಬಿಡುತ್ತಿಲ್ಲ ಎಂದು ಹೇಳಿ ಇಟ್ಟರು. ಒಟ್ಟು ನಾಲ್ಕು ನಿಮಿಷ. ಹದಿನಾರು ವರ್ಷದಲ್ಲಿ ಅಪ್ಪ ತಾವಾಗಿ ಹಚ್ಚಿದ ಮೊದಲ ಫೋನು.

ಅಲ್ಲಿಂದ ಈಚೆಗೆ ಊರಿನಲ್ಲಿ ಯಾರು ಕಾಶಿಗೆ ಹೊರಟರೂ ಅಪ್ಪ ಅವರ ಕೈಗೆ ಒಂದು ಕಟ್ಟು ಕೊಟ್ಟು ಕಳಿಸುತ್ತಾರೆ. ಟೂರಿನವರು ಹೇಗೂ ಕರೋಲ್ ಬಾಗಿನಲ್ಲೇ ಇಳಿಸುತ್ತಾರಲ್ಲ. ಕೆಲವೊಮ್ಮೆ ಪುನರ್ಪುಳಿ, ಕೆಲವೊಮ್ಮೆ ಉಪ್ಪಿನಲ್ಲಿ ಹಾಕಿದ ಮಾವು, ಹೋದ ಸಲ ಹಲಸಿನ ಹಪ್ಪಳ. ಕಟ್ಟಿನ ಮೇಲೆ ಅಪ್ಪನ ಕೈಬರಹದಲ್ಲಿ, ಹಳೇ ಕಾಲದ ಹಾಗೆ ಪಿನ್‌ಕೋಡಿನ ಕೊನೆಯ ಅಂಕೆ ಮಾತ್ರ ಹಾಕಿದ ವಿಳಾಸ: ಮೊದಲು ‘ಶ್ರೀ’ ಸೇರಿಸಿ ನನ್ನ ಗಂಡನ ಹೆಸರು, ಕೆಳಗೆ ಮನೆ ನಂಬರು, ಕರೋಲ್ ಬಾಗ್, ದೆಹಲಿ – 5. ಎಷ್ಟನೇ ಮಹಡಿ ಎಂದು ಬರೆಯುವುದಿಲ್ಲ. ಊರಿನಲ್ಲಿ ಮನೆಗೆ ಮಹಡಿ ಲೆಕ್ಕ ಇಲ್ಲವಲ್ಲ. ಹಾಗಾಗಿ ತಂದವರು ಕೆಳಗಿನ ಬಾಗಿಲನ್ನೇ ತಟ್ಟುತ್ತಾರೆ, ಬೀಜಿ ಅವರನ್ನು ಕೂರಿಸಿ ಚಹಾ ಕೊಟ್ಟು, ಕಟ್ಟು ಬಿಚ್ಚಿ ನೋಡಿ, ಆಮೇಲೆ ನಮ್ಮನ್ನು ಕರೆಯುತ್ತಾರೆ. ಹೋದ ಸಲ ನಾವು ಇಳಿದು ಬರುವಷ್ಟರಲ್ಲಿ ನಾಲ್ಕು ಹಪ್ಪಳ ಕರಿದಾಗಿತ್ತು. ಇದು ಯಾವುದರದ್ದು ಎಂದು ಕೇಳಿದರು. ಹಲಸು ಎಂದೆವು. ಅದರ ತರಕಾರಿ ತಿಂದಿದ್ದೇನೆ, ಹಪ್ಪಳವೂ ಆಗುತ್ತದೆಂದು ಗೊತ್ತಿರಲಿಲ್ಲ ಎಂದು ಐದನೆಯದನ್ನು ಬಾಣಲೆಗೆ ಬಿಟ್ಟರು.